ಕಟ್ಟಕ್ಕೆ ಎಂತ ದುಡ್ಡು ಅಂತ ಕೇಳಿದಿರಲ್ಲ

ಮೊನ್ನೆ ಮಂಗಳೂರು ಸ್ಟೇಟ್ ಬ್ಯಾಂಕಿನ ಹತ್ತಿರ ಚಾ ಕುಡಿಯುವಾಗ ನಮ್ಮ ಕಟ್ಟದ, ಅಂದರೆ ಹಳ್ಳಕ್ಕೆ ವರ್ಷ ವರ್ಷ ಹಾಕುವ ತಾತ್ಕಾಲಿಕ ಒಡ್ಡಿನ, ಬಗ್ಗೆ ನೀವು ಒಂದು ಪ್ರಶ್ನೆ ಕೇಳಿದ್ದಿರಿ. "ನಿಮ್ಮ ಕಡೆ ವರ್ಷಕ್ಕೆ 3,500 ಮಿಲಿಮೀಟರಿಗೂ ಮೇಲೆ ಮಳೆ ಬೀಳ್ತದೆ. ಕೋಲಾರದವರು ನಾವು ಅನುದಾನ ಕೇಳಿದರೆ ಸರಿ, ನಿಮಗೆ ಯಾಕೆ?" ಅಷ್ಟು ಹೊತ್ತಿಗೆ ನನ್ನ ವಿಟ್ಲದ ಬಸ್ಸು ಬಂತು. ಉತ್ತರ ಬಾಕಿಯಾಯಿತು.

ಮಳೆ ಬರುವುದು ಹೌದು. ನಿಲ್ಲುವುದಿಲ್ಲ ಮಾರಾಯ್ರೆ. ನಮ್ಮದು ಗುಡ್ಡೆ, ಕೆಂಪುಕಲ್ಲು, ಇಳಿಜಾರು. ಆಟಿ ತಿಂಗಳಲ್ಲಿ (ಜುಲೈ-ಆಗಸ್ಟ್) ಸುರಿದ ನೀರು ತೋಡಿಗೆ, ಅಂದರೆ ಸಣ್ಣ ಹಳ್ಳಕ್ಕೆ, ಇಳಿದು, ಹೊಳೆ ಸೇರಿ, ನೋಡ ನೋಡುತ್ತಾ ಕಡಲು ಮುಟ್ಟಿರುತ್ತದೆ. ಮಾರ್ಚ್ ಬರುವಾಗ ಅದೇ ತೋಡಿನಲ್ಲಿ ಮಕ್ಕಳು ಕ್ರಿಕೆಟ್ ಆಡುತ್ತಾರೆ. 2019ರ ಬೇಸಿಗೆಯಲ್ಲಿ ತುಂಬೆಯ ಅಣೆಕಟ್ಟಿನಲ್ಲಿ ನೀರು ಇಳಿದು ಮಂಗಳೂರು ಪೇಟೆಗೇ ಪಾಳಿ ಹಾಕಿ ನೀರು ಬಿಡಬೇಕಾಯಿತು. ಪೇಟೆಯ ಕತೆ ಪೇಪರಿನಲ್ಲಿ ಬಂತು, ನಮ್ಮ ತೋಟದ ಕತೆ ಬರಲಿಲ್ಲ.

ಇದಕ್ಕೆ ಹಿರಿಯರು ಮಾಡಿಟ್ಟ ಉಪಾಯ ಕಟ್ಟ. ಮಳೆಗಾಲ ಮುಗಿದು ತೋಡಿನ ಹರಿವು ತಗ್ಗಿದ ಮೇಲೆ, ಸಾಮಾನ್ಯ ಡಿಸೆಂಬರಿನಲ್ಲಿ, ಬೈಲಿನವರೆಲ್ಲ, ಅಂದರೆ ಗುಡ್ಡೆಗಳ ನಡುವಿನ ತಗ್ಗಿನ ತೋಟದವರೆಲ್ಲ, ಸೇರಿ ತೋಡಿಗೆ ಅಡ್ಡ ಒಡ್ಡು ಹಾಕುವುದು. ಮೊದಲು ಎರಡು ಸಾಲು ಕಲ್ಲು, ನಡುವೆ ಜೇಡಿಮಣ್ಣು ತುಂಬಿ ಕಾಲಲ್ಲಿ ತುಳಿಯುತ್ತಿದ್ದರು. ಈಗ ಗೊಬ್ಬರದ ಖಾಲಿ ಚೀಲಕ್ಕೆ ಹೊಯಿಗೆ (ಮರಳು) ತುಂಬಿ, ಮುಂದೆ ಪ್ಲಾಸ್ಟಿಕ್ ಹಾಸು, ಆಧಾರಕ್ಕೆ ಅಡಿಕೆ ಮರದ ಸಲಾಕೆ. ಎಲ್ಲಿ ಹಾಕಬೇಕು ಎನ್ನುವುದೇ ದೊಡ್ಡ ವಿದ್ಯೆ. ತೋಡಿನ ಅಡಿಯಲ್ಲಿ ಪಾದೆ (ಬಂಡೆ) ಎಲ್ಲಿ ಉಂಟು, ಯಾವ ಬದಿಯಿಂದ ನೀರು ಕೊರೆಯುತ್ತದೆ ಅಂತ ನಮ್ಮ ಬೈಲಿನಲ್ಲಿ ಸರಿಯಾಗಿ ಹೇಳಬಲ್ಲವರು ಇಬ್ಬರೇ ಉಳಿದಿದ್ದಾರೆ. ಒಬ್ಬರಿಗೆ ಈಗ ಮಂಡಿನೋವು, ದಂಡೆಯಲ್ಲಿ ಕುರ್ಚಿ ಹಾಕಿ ಕೂತು ಬೈಯುತ್ತಾರೆ. ಆ ಬೈಗುಳವೇ ನಮಗೆ ಎಂಜಿನಿಯರಿಂಗು. ಕಟ್ಟದ ಹಿಂದೆ ನಿಂತ ನೀರನ್ನು ಯಾರೂ ಪಂಪು ಇಟ್ಟು ಎಳೆಯದಿದ್ದರೂ ಲಾಭವೇ. ಅದು ಮೆಲ್ಲ ಇಂಗಿ, ಎರಡೂ ಬದಿಯ ಬಾವಿಗಳು ಏಪ್ರಿಲಿನವರೆಗೆ ಜೀವ ಹಿಡಿಯುತ್ತವೆ. ಮೇಲಿನವರು ಒಂದು, ಕೆಳಗಿನವರು ಒಂದು ಅಂತ ಸಾಲಾಗಿ ಹಾಕುತ್ತಾ ಹೋದರೆ ಇಡೀ ತೋಡು ಕೆರೆಗಳ ಸರದ ಹಾಗೆ ಆಗುತ್ತದೆ.

ಈಗ ಆದ ಬದಲಾವಣೆ ಎಂತದ್ದು? ಕ್ಯಾಲೆಂಡರ್ ತಪ್ಪಿದೆ. 2023ರಲ್ಲಿ ಮುಂಗಾರು ಕೇರಳ ಮುಟ್ಟಿದ್ದು ಜೂನ್ 8ಕ್ಕೆ. 2025ರಲ್ಲಿ ಮೇ 24ಕ್ಕೇ ಬಂತು, 2009ರ ನಂತರ ಅಷ್ಟು ಬೇಗ ಬಂದದ್ದು ಅದೇ. ನಮಗೆ ಪತ್ತನಾಜೆಯ ಹೊತ್ತು ಅದು. ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚಿ, ಆಮೇಲೆ ನಿಧಾನಕ್ಕೆ ಮಳೆಯ ತಯಾರಿ ಮಾಡುವ ಕಾಲ. ತಡವಾದ ವರ್ಷ ಇನ್ನೂ ಹದಿನೈದು ದಿನದ ನೀರು ಬೇಕು. ಬೇಗ ಬಂದ ವರ್ಷ ಕಟ್ಟ ಬಿಡಿಸಲಿಕ್ಕೂ ಪುರುಸೊತ್ತಿಲ್ಲ, ಚೀಲ ಪ್ಲಾಸ್ಟಿಕ್ ಎಲ್ಲ ಹೊಳೆಗೆ. ಡಿಸೆಂಬರಿನಲ್ಲಿ ಹಾಕಿದ ಕಟ್ಟವನ್ನು ಎರಡೇ ದಿನದ ಅಕಾಲ ಮಳೆ ಕೊಂಡುಹೋದದ್ದೂ ಉಂಟು. ಮತ್ತೆ ಹಾಕಬೇಕು. ಒಂದು ಸಲದ ಖರ್ಚು ಎರಡು ಸಲವಾಗುತ್ತದೆ.

ಹಿಂದೆ ದುಡ್ಡಿನ ಮಾತೇ ಇರಲಿಲ್ಲ, ಮನೆಗೊಬ್ಬ ಆಳು ಬರುತ್ತಿದ್ದ. ಈಗ ಆ ಮನೆಗಳ ಮಕ್ಕಳು ದುಬೈಯಲ್ಲಿ, ಬೆಂಗಳೂರಿನಲ್ಲಿ. ಉಳಿದವರ ಹತ್ತಿರ ಬೋರ್‌ವೆಲ್ ಉಂಟು. ಬೋರ್ ಇದ್ದವನಿಗೆ ಕಟ್ಟ ಯಾಕೆ? ಅವನ ಬೋರಿಗೆ ನೀರು ಬರುವುದೂ ಆ ತೋಡಿನಿಂದಲೇ ಅಂತ ಹೇಳಿದರೆ ತಲೆ ಆಡಿಸುತ್ತಾನೆ, ಚೀಲ ಹೊರಲಿಕ್ಕೆ ಮಾತ್ರ ಬರುವುದಿಲ್ಲ. ಹಾಗಾಗಿ ಆಳು ಇಡಬೇಕು, ಸಂಬಳ ಕೊಡಬೇಕು.

ಅನುದಾನವೇ ಇಲ್ಲ ಅಂತ ನಾನು ಹೇಳುವುದಿಲ್ಲ. ಕರಾವಳಿಗೆ ಪಶ್ಚಿಮವಾಹಿನಿ ಯೋಜನೆ ಅಂತ ಉಂಟು, ಅದರಲ್ಲಿ ಕಿಂಡಿ ಅಣೆಕಟ್ಟುಗಳು ಆಗಿವೆ. ಒಳ್ಳೆಯದೇ. ಆದರೆ ಕಿಂಡಿ ಅಣೆಕಟ್ಟು ಅಂದರೆ ಕಾಂಕ್ರೀಟ್ ಕಂಬ ಮಾತ್ರ ಅಲ್ಲ. ಪ್ರತಿ ವರ್ಷ ಹಲಗೆ ಇಳಿಸಬೇಕು, ಎರಡು ಸಾಲು ಹಲಗೆಯ ನಡುವೆ ಮಣ್ಣು ತುಂಬಬೇಕು, ಮಳೆಗೆ ಮೊದಲು ತೆಗೆದು ಒಣಗಿಸಿ ಇಡಬೇಕು. ನಮ್ಮ ಕೆಳಗಿನ ಬೈಲಿನ ಒಂದು ಅಣೆಕಟ್ಟಿನಲ್ಲಿ ಕಂಬ ಗಟ್ಟಿಯಾಗಿಯೇ ನಿಂತಿದೆ, ಹಲಗೆ ಗೆದ್ದಲು ಹಿಡಿದು ವರ್ಷಗಳಾದವು. ಹೊಸ ಹಲಗೆ ಯಾರ ಲೆಕ್ಕದಲ್ಲಿ ಅಂತ ಕೇಳಿದರೆ ಒಂದು ಕಚೇರಿ ಇನ್ನೊಂದನ್ನು ತೋರಿಸುತ್ತದೆ. ಕಂಬಕ್ಕೆ ಶಿಲಾಫಲಕ ಉಂಟು. ಹಲಗೆ ಉದ್ಘಾಟನೆಗೆ ಯಾರು ಬರುತ್ತಾರೆ ಹೇಳಿ.

ನಮ್ಮ ಕಟ್ಟಕ್ಕೆ ನರೇಗಾದಲ್ಲಿ ಕೇಳಿ ನೋಡಿದ್ದೆವು. ಅಲ್ಲಿ ಕೂಲಿಗೆ 60, ಸಾಮಗ್ರಿಗೆ 40 ಎಂಬ ಲೆಕ್ಕ ಇತ್ತು. ಕಟ್ಟದಲ್ಲಿ ಹೆಚ್ಚಿನದ್ದೆಲ್ಲ ಕೂಲಿಯೇ, ಹೇಳಿ ಮಾಡಿಸಿದ ಹಾಗೆ ಹೊಂದಬೇಕಿತ್ತು. ಆದರೆ ನಮಗೆ ಸಿಕ್ಕ ಉತ್ತರ: "ಮಳೆಗೆ ಹೋಗುವುದನ್ನು ಆಸ್ತಿ ಅಂತ ಹೇಗೆ ಬರೆಯುವುದು?" ಅವರನ್ನು ದೂರಿ ಪ್ರಯೋಜನ ಇಲ್ಲ, ಕಾಗದದಲ್ಲಿ ಆ ಅಂಕಣವೇ ಇರಲಿಲ್ಲ. ಮಳೆಗೆ ಹೋಗುವುದೇ ಕಟ್ಟದ ಗುಣ. ಹೋಗದಿದ್ದರೆ ತೋಟಕ್ಕೆ ನೆರೆ.

ಈ ಗೋಳು ನಮ್ಮದು ಮಾತ್ರ ಅಲ್ಲವಂತೆ. 2003ರಿಂದ 2016ರವರೆಗೆ ಜಗತ್ತಿನ ಹವಾಮಾನ ನಿಧಿಗಳ ಹಣದಲ್ಲಿ ಸ್ಥಳೀಯ ಮಟ್ಟಕ್ಕೆ ಅಂತ ಇಟ್ಟದ್ದು ಶೇ. 10ಕ್ಕೂ ಕಡಿಮೆ ಎಂಬ ಲೆಕ್ಕ ಉಂಟು. 2021ರಲ್ಲಿ ದೊಡ್ಡವರು ಕೂತು, ಹವಾಮಾನ ಬದಲಾವಣೆಗೆ ಸ್ಥಳೀಯರೇ ಮುಂದೆ ನಿಂತು ಹೊಂದಿಕೊಳ್ಳುವ ಕೆಲಸಕ್ಕೆ 8 ತತ್ವ ಬರೆದರು. ಅದರಲ್ಲಿ ಒಂದು ನನಗೆ ಇಷ್ಟ: ಹಣ ತಾಳ್ಮೆಯದ್ದಿರಬೇಕು, ಯಾವಾಗ ಬರುತ್ತದೆ ಅಂತ ಮೊದಲೇ ಗೊತ್ತಿರಬೇಕು. ನಮ್ಮಲ್ಲಿ 2015ರಲ್ಲಿ ಕೇಂದ್ರದ ಹವಾಮಾನ ಹೊಂದಾಣಿಕೆ ನಿಧಿ ಶುರುವಾಗಿತ್ತು, ಗ್ರಾಮೀಣ ಅಭಿವೃದ್ಧಿ ಬ್ಯಾಂಕು ನಬಾರ್ಡ್ ನೋಡಿಕೊಳ್ಳುತ್ತಿತ್ತು. ಅಲ್ಲಿಗೆ ರಾಜ್ಯ ಸರಕಾರ ಯೋಜನೆ ಬರೆದು ಕಳಿಸಬೇಕಿತ್ತು. ಹನ್ನೊಂದು ಮನೆಯ ಬೈಲು ಬರೆಯುವ ಜಾಗ ಅದಾಗಿರಲಿಲ್ಲ.

ತಾಳ್ಮೆ ಅಂದಾಗ ಅಡ್ಯನಡ್ಕದ ಹತ್ತಿರದ ಅಮೈ ಮಹಾಲಿಂಗ ನಾಯ್ಕರು ನೆನಪಾಗುತ್ತಾರೆ. ಬೋಳು ಗುಡ್ಡೆಯಲ್ಲಿ ಒಬ್ಬರೇ ಸುರಂಗ ಕೊರೆದು ನೀರು ತಂದು ತೋಟ ಮಾಡಿದವರು. 2022ರಲ್ಲಿ ಪದ್ಮಶ್ರೀ ಬಂತು, ನಮಗೆಲ್ಲ ಖುಷಿ. ಆದರೆ ಅವರ ಮೊದಲಿನ ಹಲವು ಸುರಂಗಗಳಲ್ಲಿ ನೀರು ಸಿಗಲಿಲ್ಲ. ಯಾವ ನಿಧಿ ಆ ಒಣ ಸುರಂಗಗಳ ಬಿಲ್ಲು ಪಾಸು ಮಾಡುತ್ತಿತ್ತು? ಎರಡನೆಯದ್ದಕ್ಕೇ ವಸೂಲಿ ನೋಟೀಸು ಬರುತ್ತಿತ್ತು.

ಇನ್ನು ಗಡಿಯ ವಿಷಯ, ಇದು ನಿಮಗೆ ಹೊಸತು. ನಮ್ಮ ತೋಡಿನ ಈಚೆ ದಂಡೆ ಕರ್ನಾಟಕ, ಆಚೆ ದಂಡೆ ಕಾಸರಗೋಡು ಜಿಲ್ಲೆ, ಕೇರಳ. ಕಟ್ಟಕ್ಕೆ ದಂಡೆ ಎರಡೂ ಬೇಕಲ್ಲ! ಕೇರಳದಲ್ಲಿ 1996ರ ಜನಕೀಯ ಯೋಜನೆಯ ನಂತರ ಪಂಚಾಯಿತಿಯ ಕೈಯಲ್ಲಿ ತಾನೇ ತೀರ್ಮಾನಿಸುವ ಹಣ ಹೆಚ್ಚುಂಟು, ವಾರ್ಡಿನ ಗ್ರಾಮಸಭೆಯಲ್ಲಿ ಗಟ್ಟಿಯಾಗಿ ಕೇಳಿದರೆ ಕೆಲಸ ಆಗುತ್ತದೆ. ಆದರೆ ಅವರ ಹಣ ತೋಡಿನ ನಡುವಿನವರೆಗೆ ಮಾತ್ರ ಬರಬಹುದು, ನಮ್ಮದೂ ಅಷ್ಟೇ. ಅರ್ಧ ಕಟ್ಟದಲ್ಲಿ ನೀರು ನಿಲ್ಲುತ್ತದೆಯಾ? ಮನುಷ್ಯರಿಗೆ ಆ ತೊಂದರೆ ಇಲ್ಲ. ಆಚೆಯ ಇಬ್ರಾಯಿಚ್ಚನ ಮನೆಯ ಬಾವಿ, ನಮ್ಮ ಅಣ್ಣನ ಬಾವಿ ಒಟ್ಟಿಗೇ ಬತ್ತುತ್ತವೆ. ಕೆಲಸದ ದಿನ ತುಳು, ಬ್ಯಾರಿ, ಮಲಯಾಳ, ಹವ್ಯಕ ಎಲ್ಲ ಒಂದೇ ಒಡ್ಡಿನ ಮೇಲೆ.

ಬೆಳೆವಿಮೆ ಉಂಟಲ್ಲ ಅಂತ ನೀವು ಹೇಳಬಹುದು. ಅಡಿಕೆಗೆ ಹವಾಮಾನ ಆಧಾರಿತ ವಿಮೆ ಮಾಡಿದ್ದೇನೆ, ಶೇ. 5 ಕಂತು ಕಟ್ಟುತ್ತೇನೆ. ಅದು ಮಳೆಮಾಪಕದ ಲೆಕ್ಕ ನೋಡಿ ನನ್ನ ಖಾತೆಗೆ ಬರುವ ಹಣ. ತೋಡಿಗೆ ಖಾತೆ ಇಲ್ಲ.

ನಾವು ಕೇಳುವುದು ದೊಡ್ಡದೇನಲ್ಲ. ದೀಪಾವಳಿಗೆ ಮೊದಲು ಬೈಲಿನ ಸಮಿತಿಗೆ ಸಣ್ಣ ಮೊತ್ತ, ಒಂದು ವರ್ಷಕ್ಕಲ್ಲ, ಹತ್ತು ವರ್ಷಕ್ಕೆ. ಚೀಲಕ್ಕೆ, ಕೂಲಿಗೆ, ಮಧ್ಯಾಹ್ನದ ಗಂಜಿಗೂ ಖರ್ಚು ಮಾಡಲಿಕ್ಕೆ ಬಿಡಬೇಕು. ಕಟ್ಟ ಕೊಚ್ಚಿಹೋದ ವರ್ಷ ಕಳ್ಳರನ್ನು ನೋಡಿದ ಹಾಗೆ ನೋಡಬಾರದು. ಬಾವಿಯ ನೀರಿನ ಮಟ್ಟ ತಿಂಗಳಿಗೊಮ್ಮೆ ಹಗ್ಗ ಇಳಿಸಿ ಬರೆದು ಕೊಡುತ್ತೇವೆ, ಅದನ್ನು ಈಗಲೂ ಮಾಡುತ್ತಿದ್ದೇವೆ.

ಸದ್ಯಕ್ಕೆ ಮಕ್ಕಳ ಒಂದು ನೋಟ್‌ಬುಕ್ಕಿನಲ್ಲಿ ಲೆಕ್ಕ ನಡೆಯುತ್ತಿದೆ. ಎಡಪುಟ ಕನ್ನಡ, ಬಲಪುಟ ಮಲಯಾಳ. ಕಳೆದ ಸಲ ಪ್ಲಾಸ್ಟಿಕ್ ಹಾಸು ಆಚೆಯವರದ್ದು, ಹೊಯಿಗೆ ನಮ್ಮದು, ಗಂಜಿಗೆ ಅಕ್ಕಿ ಎರಡೂ ಕಡೆಯದ್ದು. ಬೋರ್ ಇದ್ದವನೂ ಐನೂರು ಕೊಟ್ಟ, ಬೈಗುಳ ತಡೆಯಲಾಗದೆ. ಡಿಸೆಂಬರಿನ ಎರಡನೇ ಭಾನುವಾರ ಹಾಕುವುದು ಅಂತ ಮಾತಾಗಿದೆ, ಮಳೆ ಬಿಟ್ಟರೆ. ನೀವು ಬನ್ನಿ, ಹಳೇ ಪಂಚೆ ತನ್ನಿ.