ಓದುಗರ ಪ್ರಶ್ನೆ: ಮೊದಲ ರೈಫಲ್‌ಗೆ ಯಾವ ಕಾರ್ಟ್ರಿಜ್?

ಪ್ರಶ್ನೆ: ಗುರಿ ಅಭ್ಯಾಸಕ್ಕೆ ಮೊದಲ ಬೋಲ್ಟ್ ಆ್ಯಕ್ಷನ್ ರೈಫಲ್ ಕೊಳ್ಳುವವನಿದ್ದೇನೆ. ಹೆಚ್ಚಾಗಿ 300 ಮೀಟರ್, ಆಗೊಮ್ಮೆ ಈಗೊಮ್ಮೆ 800 ಮೀಟರ್. ಮುಂದೆ ರೀಲೋಡಿಂಗ್ ಮಾಡುವ, ಅಂದರೆ ಹೊಡೆದ ಹಿತ್ತಾಳೆ ಕೇಸಿಗೆ ಹೊಸ ಪ್ರೈಮರ್ (ಪೌಡರಿಗೆ ಕಿಡಿ ಹೊತ್ತಿಸುವ ಬಿಲ್ಲೆ), ಪೌಡರ್, ಗುಂಡು ತುಂಬಿ ಮತ್ತೆ ಕಾರ್ಟ್ರಿಜ್ ಮಾಡಿಕೊಳ್ಳುವ ಆಸೆಯೂ ಇದೆ. .223 ರೆಮಿಂಗ್ಟನ್, .308 ವಿಂಚೆಸ್ಟರ್, 6.5 ಕ್ರೀಡ್‌ಮೂರ್ ಮೂರರಲ್ಲಿ ಯಾವುದು?

ಉತ್ತರ: 6.5 ಕ್ರೀಡ್‌ಮೂರ್. 800 ಮೀಟರ್ ಆಸೆಯನ್ನು ಕೈಬಿಡುವುದಾದರೆ ಮಾತ್ರ .223.

.308 ಕೆಟ್ಟದ್ದೆಂದು ಹೀಗೆ ಹೇಳುತ್ತಿಲ್ಲ. 1952ರಿಂದ ಇರುವ ಕಾರ್ಟ್ರಿಜ್ ಅದು, ಅದಕ್ಕೆ ಸಿಗದ ಗುಂಡಿಲ್ಲ, ಸಿಗದ ಪೌಡರ್ ಇಲ್ಲ. ಆದರೆ ಅದರ 175 ಗ್ರೇನ್ (ಗುಂಡು, ಪೌಡರ್ ತೂಗುವ ಸಣ್ಣ ಅಳತೆ) ಗುಂಡು ದಪ್ಪ, ಗಾಳಿ ಅದನ್ನು ಬೇಗ ತಡೆಯುತ್ತದೆ. 6.5ರ 140 ಗ್ರೇನ್ ಗುಂಡು ಸಣಕಲು, ಉದ್ದ. ಅದೇ ಅಡ್ಡಗಾಳಿಯಲ್ಲಿ ದೂರದ ಗುರಿಗೆ ಅದು .308ಕ್ಕಿಂತ ಸುಮಾರು ಕಾಲು ಪಾಲು ಕಡಿಮೆ ಸರಿಯುತ್ತದೆ. ಎತ್ತರದ ಲೆಕ್ಕವನ್ನು ಸ್ಕೋಪಿನ ಗುಂಡಿ ತಿರುಗಿಸಿ ಸರಿಮಾಡಬಹುದು, ಗಾಳಿಯನ್ನು ಅಂದಾಜಿಸಲೇಬೇಕು. ಹೊಸಬರ ಅಂದಾಜು ತಪ್ಪುವುದು ಸಹಜ, ತಪ್ಪಿದಾಗ 6.5 ಸ್ವಲ್ಪ ಕ್ಷಮಿಸುತ್ತದೆ. ಇನ್ನೊಂದು ಸಂಗತಿ ಒದೆತ. .308 ಒದ್ದಾಗ ಸ್ಕೋಪ್ ಗುರಿಯಿಂದ ಹಾರಿಹೋಗಿ, ಗುಂಡು ಎಲ್ಲಿ ಬಿತ್ತೆಂದು ಹೊಡೆದವನಿಗೇ ಕಾಣುವುದಿಲ್ಲ. ತನ್ನ ತಪ್ಪು ತಾನೇ ನೋಡಲಾಗದವನು ಕಲಿಯುವುದು ನಿಧಾನ.

.223ರದ್ದು ಬೇರೆ ಕತೆ. ಒದೆತ ಇಲ್ಲವೆನ್ನುವಷ್ಟು ಕಡಿಮೆ, ಪೌಡರ್ ಬಳಕೆ 6.5ರ ಸುಮಾರು ಅರ್ಧಕ್ಕಿಂತ ತುಸು ಹೆಚ್ಚು, ಬ್ಯಾರೆಲ್ ಬಾಳಿಕೆ ದೀರ್ಘ. 300 ಮೀಟರ್‌ಗೆ ಅಚ್ಚುಕಟ್ಟು. 77 ಗ್ರೇನ್ ಗುಂಡು ಮಾತ್ರ 800 ಮೀಟರ್ ಸಮೀಪಿಸುವ ಹೊತ್ತಿಗೆ ಶಬ್ದದ ವೇಗದ ಅಂಚಿಗೆ ಇಳಿದಿರುತ್ತದೆ. ಅಲ್ಲಿಂದಾಚೆ ಅದರ ನಡೆಯನ್ನು ನಂಬುವಂತಿಲ್ಲ. .223 ಕೊಂಡರೆ ಬ್ಯಾರೆಲ್ಲಿನ ಟ್ವಿಸ್ಟ್, ಅಂದರೆ ಒಳಗಿನ ಗೀರುಗಳು ಗುಂಡನ್ನು ಎಷ್ಟು ಇಂಚಿಗೆ ಒಂದು ಸುತ್ತು ತಿರುಗಿಸುತ್ತವೆ ಎಂಬುದನ್ನು ನೋಡಿಯೇ ಕೊಳ್ಳಿ. 1:12 ಟ್ವಿಸ್ಟಿನ ಹಳೆಯ ಬ್ಯಾರೆಲ್ 55 ಗ್ರೇನ್ ಆಸುಪಾಸಿನ ಗುಂಡಿಗಷ್ಟೇ ಸರಿ, 77ಕ್ಕೆ 1:8 ಅಥವಾ 1:7 ಬೇಕು. ತಿರುಗು ಸಾಲದಿದ್ದರೆ ಗುಂಡು ಗಾಳಿಯಲ್ಲಿ ಲಾಗ ಹಾಕುತ್ತದೆ. ಕಾಗದದ ಮೇಲೆ ದುಂಡು ತೂತಿನ ಬದಲು ಗುಂಡಿನ ಪಕ್ಕದ ಆಕಾರದಲ್ಲೇ ಒಂದು ಉದ್ದ ಸೀಳು ಬಿದ್ದಿದ್ದರೆ ಪೌಡರ್ ಬದಲಿಸಿ ಪ್ರಯೋಜನವಿಲ್ಲ, ಆ ಬ್ಯಾರೆಲ್‌ಗೆ ಆ ಗುಂಡು ಒಗ್ಗುವುದೇ ಇಲ್ಲ. 6.5ಕ್ಕೆ ಸಾಮಾನ್ಯವಾಗಿ 1:8 ಬರುತ್ತದೆ, ಚಿಂತೆಯಿಲ್ಲ.

6.5ಕ್ಕೆ ತೆರಬೇಕಾದ ಬೆಲೆ ಬ್ಯಾರೆಲ್. .308ರ ಬ್ಯಾರೆಲ್ 5000 ಸುತ್ತಿನ ಆಸುಪಾಸು ನಿಖರತೆ ಉಳಿಸಿಕೊಂಡರೆ 6.5ರದ್ದು 2000ದಿಂದ 3000. ಹೆಚ್ಚು ಬಿಸಿ ಅನಿಲ ಚಿಕ್ಕ ತೂತಿನಿಂದ ನುಗ್ಗುವಾಗ ಚೇಂಬರಿನ (ಕಾರ್ಟ್ರಿಜ್ ಕೂರುವ ಗೂಡಿನ) ಮುಂದಿನ ಗಂಟಲು ಸವೆಯುತ್ತದೆ. ಬ್ಯಾರೆಲ್ ಮುಟ್ಟಲಾಗದಷ್ಟು ಕಾದಿರುವಾಗಲೂ ಹೊಡೆಯುತ್ತಲೇ ಇದ್ದರೆ ಈ ಲೆಕ್ಕ ಇನ್ನೂ ಕುಗ್ಗುತ್ತದೆ.

ಪ್ರಶ್ನೆ: ಕೊಳ್ಳುವುದಾದರೆ .300 ವಿನ್ ಮ್ಯಾಗ್ (ವಿಂಚೆಸ್ಟರ್ ಮ್ಯಾಗ್ನಮ್) ಕೊಂಡುಬಿಡು, ಮುಂದೆ ಬದಲಿಸುವ ತಾಪತ್ರಯವಿಲ್ಲ ಎನ್ನುತ್ತಾರೆ. ನಿಜವೇ?

ಉತ್ತರ: 800 ಮೀಟರ್‌ಗೆ ಅದು ಅನವಶ್ಯಕ. ಅದರ ಒದೆತ ಜೋರು, ಮೂವತ್ತು ಸುತ್ತು ಹೊಡೆಯುವಷ್ಟರಲ್ಲಿ ಕಣ್ಣು ಮುಚ್ಚಿ ಟ್ರಿಗರ್ ಎಳೆಯುವ ಚಾಳಿ ಅಂಟಿಕೊಳ್ಳಬಹುದು, ಅದನ್ನು ಬಿಡಿಸುವುದು ಬಲು ಕಷ್ಟ.

ಪ್ರಶ್ನೆ: 6.5 ಕ್ರೀಡ್‌ಮೂರ್ ರೈಫಲ್ ಬಂದಿದೆ. ರೀಲೋಡಿಂಗ್‌ಗೆ ಏನೇನು ಕೊಳ್ಳಬೇಕು? ಒಂದೇ ಸಲ ನಾಲ್ಕಾರು ಕೆಲಸ ಮಾಡುವ ಪ್ರೊಗ್ರೆಸಿವ್ ಪ್ರೆಸ್ ತೆಗೆದುಕೊಳ್ಳಲೇ?

ಉತ್ತರ: ನೀವಿರುವಲ್ಲಿ ಕಾನೂನು ರೀಲೋಡಿಂಗ್‌ಗೆ ಅವಕಾಶ ಕೊಡುತ್ತದೆಯೇ, ಪೌಡರ್ ಮತ್ತು ಪ್ರೈಮರ್ ಎಷ್ಟು ಇಟ್ಟುಕೊಳ್ಳಬಹುದು ಎಂಬುದನ್ನು ಮೊದಲು ಖಚಿತಪಡಿಸಿಕೊಳ್ಳಿ. ಆಮೇಲೆ ಕಾರ್ಖಾನೆಯ ಮ್ಯಾಚ್ (ಸ್ಪರ್ಧೆಯ ದರ್ಜೆಯ) ಕಾರ್ಟ್ರಿಜ್‌ಗಳನ್ನು ಒಂದೇ ಲಾಟಿನಲ್ಲಿ ಇನ್ನೂರು ಕೊಂಡು ಹೊಡೆಯಿರಿ. ರೈಫಲ್ ಏನು ಮಾಡಬಲ್ಲದು ಎಂದೂ ತಿಳಿಯುತ್ತದೆ, ನಿಮ್ಮದೇ ಚೇಂಬರಿನಲ್ಲಿ ಹಿಗ್ಗಿದ ಇನ್ನೂರು ಕೇಸ್‌ಗಳೂ ಕೈಗೆ ಬರುತ್ತವೆ.

ಪ್ರೊಗ್ರೆಸಿವ್ ಬೇಡ. ಒಮ್ಮೆಗೆ ಒಂದೇ ಕೆಲಸ ಮಾಡುವ ಗಟ್ಟಿಯಾದ ಸಿಂಗಲ್ ಸ್ಟೇಜ್ ಪ್ರೆಸ್ ಒಂದು, ಹಿಗ್ಗಿದ ಕೇಸನ್ನು ಮತ್ತೆ ಅಳತೆಗೆ ತರುವ ಫುಲ್ ಲೆಂಗ್ತ್ ಸೈಜಿಂಗ್ ಡೈ, ಗುಂಡು ಕೂರಿಸಲು ಮೈಕ್ರೋಮೀಟರ್ ಇರುವ ಸೀಟಿಂಗ್ ಡೈ, ಕೇಸಿನ ಬುಡ ಹಿಡಿಯುವ ಶೆಲ್ ಹೋಲ್ಡರ್ ಸಾಕು. .308, .243, 6.5 ಕ್ರೀಡ್‌ಮೂರ್ ಮೂರರ ಕೇಸ್ ಬುಡವೂ 0.473 ಇಂಚು, ಹಾಗಾಗಿ ಅದೇ ಶೆಲ್ ಹೋಲ್ಡರ್ ಮುಂದೆಯೂ ನಡೆಯುತ್ತದೆ. ಹಣ ಉಳಿಸಬಾರದ ಜಾಗ ತಕ್ಕಡಿ ಮತ್ತು ಅಳತೆಯ ಸಾಧನಗಳು. ಕ್ಯಾಲಿಪರ್, ಶೋಲ್ಡರ್ (ಕೇಸಿನ ಮೈ ಕುತ್ತಿಗೆಗೆ ಕಿರಿದಾಗುವ ಇಳಿಜಾರು) ಅಳೆಯುವ ಕಂಪ್ಯಾರೇಟರ್, ಒಂದು ಗ್ರೇನಿನ ಹತ್ತನೇ ಭಾಗ ನಂಬಿಕೆಯಿಂದ ತೋರಿಸುವ ತಕ್ಕಡಿ, ಅದನ್ನು ಪರೀಕ್ಷಿಸಲು ತೂಕದ ಬಿಲ್ಲೆಗಳು. ಫ್ಯಾನಿನ ಗಾಳಿ ತಾಗಿದರೂ ತಕ್ಕಡಿ ಸುಳ್ಳು ಹೇಳುತ್ತದೆ. ಕೇಸಿನ ಉದ್ದ ಹಿಗ್ಗಿ 1.920 ಇಂಚು, ಅಂದರೆ 48.77 ಮಿ.ಮೀ. ಮೀರಿದರೆ ಕತ್ತರಿಸಬೇಕು, ಅದಕ್ಕೆ ಟ್ರಿಮ್ಮರ್. 1.910 ಇಂಚಿಗೆ ಇಳಿಸಿ ಅಂಚಿನ ಒಳಗೂ ಹೊರಗೂ ಸಣ್ಣಗೆ ಹೆರೆಯಿರಿ. ಐವತ್ತು ತೂತಿನ ಲೋಡಿಂಗ್ ಬ್ಲಾಕ್, ಫನಲ್, ಪ್ರೈಮರ್ ಕೂರಿಸುವ ಕೈಸಾಧನ, ತಪ್ಪಾಗಿ ತುಂಬಿದ್ದನ್ನು ಬಿಚ್ಚಲು ಬುಲೆಟ್ ಪುಲ್ಲರ್, ಕಣ್ಣಿಗೆ ಕನ್ನಡಕ.

6.5ರ ಕೇಸ್‌ಗಳಲ್ಲಿ ಎರಡು ಜಾತಿ ಇವೆ: ದೊಡ್ಡ ಪ್ರೈಮರಿನವು, ಸಣ್ಣ ಪ್ರೈಮರಿನವು. ಲಾಪುವಾ ಕಂಪನಿಯ ಸಣ್ಣ ಪ್ರೈಮರ್ ಕೇಸಿನಲ್ಲಿ ಬೆಂಕಿ ಹೋಗುವ ತೂತು 1.5 ಮಿ.ಮೀ., ಸಾಮಾನ್ಯ ಕೇಸಿನದು ಸುಮಾರು 2 ಮಿ.ಮೀ. ಸಾಮಾನ್ಯ ಡೈಯಲ್ಲಿ ಹಳೆಯ ಪ್ರೈಮರ್ ದೂಡುವ ಪಿನ್ ಆ ಚಿಕ್ಕ ತೂತಿನಲ್ಲಿ ಸಿಕ್ಕಿಕೊಂಡು ಮುರಿಯುತ್ತದೆ. ಪಿನ್ ಬದಲಿಸಿ, ಎರಡು ಜಾತಿಯ ಕೇಸ್‌ಗಳನ್ನು ಬೆರೆಸಲೇಬೇಡಿ.

ಪೌಡರ್ ಎಷ್ಟು ಎಂದು ಇಲ್ಲಿ ಬರೆಯುವುದಿಲ್ಲ, ಯಾರೋ ಬಾಯಲ್ಲಿ ಹೇಳಿದ್ದನ್ನೂ ತುಂಬಬೇಡಿ. ಪೌಡರ್ ಅಥವಾ ಗುಂಡು ತಯಾರಿಸುವವರು ಅಚ್ಚು ಹಾಕಿಸಿದ ಕೈಪಿಡಿಯಲ್ಲಿ, ನಿಮ್ಮದೇ ಗುಂಡು ಮತ್ತು ನಿಮ್ಮದೇ ಪೌಡರಿನ ಸಾಲಿನಲ್ಲಿರುವ ಆರಂಭದ ತೂಕದಿಂದ ಶುರುಮಾಡಿ. ಗುಂಡು, ಪೌಡರ್, ಪ್ರೈಮರ್, ಕೇಸ್ ಯಾವುದನ್ನು ಬದಲಿಸಿದರೂ ಮತ್ತೆ ಆರಂಭದ ತೂಕಕ್ಕೇ ಇಳಿಯಬೇಕು. ಮೇಜಿನ ಮೇಲೆ ಒಂದೇ ಡಬ್ಬಿ ಇರಲಿ. ತಪ್ಪು ಪೌಡರ್ ತುಂಬಿ ರೈಫಲ್ ಒಡೆದ ಬಹುತೇಕ ಪ್ರಕರಣಗಳ ಹಿಂದೆ ಮೇಜಿನ ಮೇಲಿನ ಎರಡನೇ ಡಬ್ಬಿ ಇರುತ್ತದೆ ಎಂಬುದು ನಮ್ಮ ಅನಿಸಿಕೆ. ಐವತ್ತಕ್ಕೂ ಪೌಡರ್ ಹಾಕಿದ ಮೇಲೆ, ಗುಂಡು ಕೂರಿಸುವ ಮೊದಲು, ಟಾರ್ಚ್ ಹಿಡಿದು ಪ್ರತಿಯೊಂದರ ಬಾಯಿಯೊಳಗೆ ಇಣುಕಿ. ಒಂದರ ಮಟ್ಟ ಮಿಕ್ಕವುಗಳಿಗಿಂತ ತಗ್ಗಿಯೋ ಉಬ್ಬಿಯೋ ಇದ್ದರೆ ಅದನ್ನು ಸುರಿದು ಮತ್ತೆ ತೂಗಿ.

ಪ್ರಶ್ನೆ: ಸೈಜ್ ಮಾಡಿದ ಕೇಸ್ ಹಾಕಿದರೆ ಬೋಲ್ಟ್ ಬಿಗಿಯಾಗಿ ಮುಚ್ಚುತ್ತದೆ. ಕೇಸ್ ಹೆಚ್ಚು ದಿನ ಬಾಳಲೆಂದು ಡೈಯನ್ನು ತುಸು ಮೇಲಕ್ಕೇ ಇಟ್ಟಿದ್ದೆ. ಸೈಜ್ ಮಾಡುವ ಮೊದಲು ಇದೇ ಕೇಸ್‌ಗಳು ಸಲೀಸಾಗಿ ಹೋಗುತ್ತಿದ್ದವು!

ಉತ್ತರ: ಮೇಲಕ್ಕೆ ಇಟ್ಟದ್ದೇ ಕಾರಣ. ಡೈ ಮೊದಲು ಕೇಸಿನ ಮೈಯನ್ನು ಸುತ್ತಲಿಂದ ಹಿಸುಕುತ್ತದೆ. ಹಿಸುಕಿದ ಹಿತ್ತಾಳೆ ಎಲ್ಲಿಗಾದರೂ ಹೋಗಬೇಕಲ್ಲ, ಶೋಲ್ಡರನ್ನು ಮುಂದಕ್ಕೆ ತಳ್ಳುತ್ತದೆ. ಡೈ ಇನ್ನೂ ಕೆಳಗಿದ್ದರೆ ಕೊನೆಯ ಒತ್ತಿನಲ್ಲಿ ಆ ಶೋಲ್ಡರನ್ನು ಹಿಂದಕ್ಕೆ ಕೂರಿಸುತ್ತಿತ್ತು. ನೀವು ಅದಕ್ಕೆ ಮೊದಲೇ ನಿಲ್ಲಿಸಿದ್ದರಿಂದ ಕೇಸ್ ಹೊಡೆದಾಗಿನದಕ್ಕಿಂತಲೂ ಉದ್ದವಾಗಿದೆ.

ಹೊಡೆದ ಮೂರು ಕೇಸ್‌ಗಳ ಪ್ರೈಮರ್ ತೆಗೆದು ಕಂಪ್ಯಾರೇಟರಿನಲ್ಲಿ ಅಳೆಯಿರಿ. ಸೈಜ್ ಮಾಡಿದ ಮೇಲೆ ಅದಕ್ಕಿಂತ 0.05 ಮಿ.ಮೀ. ಕಡಿಮೆ ಬರಬೇಕು, ಅಷ್ಟೇ. ಡೈಯ ಎಳೆ ಇಂಚಿಗೆ 14, ಒಂದು ಪೂರ್ತಿ ಸುತ್ತಿಗೆ 1.81 ಮಿ.ಮೀ. ಇಳಿಯುತ್ತದೆ. ಎಂಟನೇ ಒಂದು ಸುತ್ತು ಎಂದು ಹಲವರು ಹೇಳುತ್ತಾರೆ. ಅದೇ 0.23 ಮಿ.ಮೀ. ಆಯಿತು, ನಿಮಗೆ ಬೇಕಾದದ್ದರ ನಾಲ್ಕು ಪಟ್ಟಿಗಿಂತ ಹೆಚ್ಚು. 0.05 ಎಂದರೆ ಹತ್ತು ಡಿಗ್ರಿ, ಗಡಿಯಾರದ ನಿಮಿಷದ ಮುಳ್ಳು ಎರಡು ನಿಮಿಷದಲ್ಲಿ ಸರಿಯುವುದಕ್ಕಿಂತಲೂ ಕಡಿಮೆ. ಹಾಗೆ ಕೂದಲೆಳೆಯಷ್ಟು ತಿರುಗಿಸುತ್ತಾ, ಪ್ರತಿ ಸಲ ಹೊಸ ಕೇಸ್ ಹಾಕಿ ಅಳೆಯಿರಿ.

ಅತಿಯಾಗಿ ಇಳಿಸಿದರೆ ಇನ್ನೊಂದು ಆಪತ್ತು. ಪ್ರತಿ ಹೊಡೆತಕ್ಕೂ ಕೇಸ್ ಹಿಗ್ಗಿ, ಬುಡದ ಸ್ವಲ್ಪ ಮೇಲೆ ತೆಳುವಾಗುತ್ತಾ ಬಂದು ಒಂದು ದಿನ ಎರಡಾಗುತ್ತದೆ. ಹೊರಗೆ ಅಲ್ಲೊಂದು ಹೊಳೆಯುವ ಉಂಗುರ ಕಂಡರೆ, ಕಾಗದದ ಕ್ಲಿಪ್ ಬಿಡಿಸಿ ತುದಿಯನ್ನು ಕೊಕ್ಕೆಯಂತೆ ಬಾಗಿಸಿ ಕೇಸಿನೊಳಗೆ ಇಳಿಸಿ, ಗೋಡೆಗೆ ಒತ್ತಿ ಮೇಲಕ್ಕೆಳೆಯಿರಿ. ಕೊಕ್ಕೆ ಚರಂಡಿಯೊಂದರಲ್ಲಿ ಬಿದ್ದಂತೆ ತಟಕ್ಕನೆ ತಡೆದರೆ ಆ ಕೇಸ್ ಗುಜರಿಗೆ, ಅದರ ಜೊತೆ ಅಷ್ಟೇ ಸಲ ಹೊಡೆದ ಉಳಿದವನ್ನೂ ಹೀಗೇ ಪರೀಕ್ಷಿಸಿ. ಸೈಜ್ ಮಾಡುವಾಗ ಕೇಸಿಗೆ ಹಚ್ಚುವ ಜಾರುಲೇಪ (ಲ್ಯೂಬ್) ಕಡಿಮೆಯಾದರೆ ಕೇಸ್ ಡೈಯಲ್ಲಿ ಸಿಕ್ಕಿ ರಿಮ್ ಕಿತ್ತುಬರುತ್ತದೆ, ಹೆಚ್ಚಾದರೆ ಶೋಲ್ಡರ್ ಮೇಲೆ ಬೆರಳು ಒತ್ತಿದಂಥ ಗುಳಿ ಬೀಳುತ್ತದೆ.

ಪ್ರಶ್ನೆ: .223 ಚೇಂಬರಿನಲ್ಲಿ ಅದನ್ನೇ ಹೋಲುವ ಸೈನ್ಯದ 5.56 ಕಾರ್ಟ್ರಿಜ್ ಹೊಡೆಯಬಹುದೇ?

ಉತ್ತರ: ಬೇಡ. .223ರ ಗಂಟಲು ಚಿಕ್ಕದು, ಒತ್ತಡ ಮಿತಿ ಮೀರಬಹುದು. ತಿರುಗುಮುರುಗಾಗಿ, 5.56 ಚೇಂಬರಿನಲ್ಲಿ .223 ಸರಿ. ಎರಡನ್ನೂ ಹೊಡೆಯಬೇಕೆಂದಿದ್ದರೆ .223 ವೈಲ್ಡ್ ಚೇಂಬರಿನ ಬ್ಯಾರೆಲ್ ಹುಡುಕಿ.