ಓದುಗರ ಪ್ರಶ್ನೆ: ರೈಲು ತಂದವರು ಒಳ್ಳೆಯವರೇ ಅಲ್ವಾ?

ಪ್ರಶ್ನೆ: ಸರ್, ನಮ್ಮ ಅಜ್ಜ ಹುಬ್ಬಳ್ಳಿ ರೈಲ್ವೆ ವರ್ಕ್‌ಶಾಪ್‌ನಲ್ಲಿದ್ದರು. ಬ್ರಿಟಿಷರು ಬರದಿದ್ದರೆ ನಮ್ಮ ಕಡೆ ರೈಲೇ ಬರ್ತಿರಲಿಲ್ಲ ಅಂತಿದ್ದರು. ಹಾಗಾದ್ರೆ ಅವರಿಂದ ಒಳ್ಳೇದೂ ಆಯ್ತು ಅಲ್ವಾ?
(ಓದುಗರು, ಗದಗ)

ಉತ್ತರ: ರೈಲು ಬಂದದ್ದು, ಕೆಲಸ ಸಿಕ್ಕಿದ್ದು ಎರಡೂ ನಿಜ. ಆದರೆ ಅದು ಯಾರ ದುಡ್ಡಲ್ಲಿ ಬಂತು? ಹತ್ತಿಯಿಂದಲೇ ಶುರು ಮಾಡೋಣ. ಇಂಗ್ಲೆಂಡಿನ ಲ್ಯಾಂಕಾಷೈರ್ ಬಟ್ಟೆ ಮಿಲ್ಲುಗಳಿಗೆ ಉದ್ದ ಎಳೆಯ ಹತ್ತಿ ಬೇಕಿತ್ತು. ಅದಕ್ಕೆ 1840ರ ದಶಕದಲ್ಲಿ ಅಮೆರಿಕದ ಬೀಜ ತರಿಸಿ, ಅಲ್ಲಿನ ಬೆಳೆಗಾರರನ್ನೂ ಕರೆಸಿ ಧಾರವಾಡ ಸೀಮೆಯ ಎರೆ ಹೊಲದಲ್ಲಿ ಬಿತ್ತಿಸಿದರು. ಬೀಜ ಚೆನ್ನಾಗೇ ಹಿಡೀತು, 'ಧಾರವಾಡ ಅಮೆರಿಕನ್' ಅಂತ ಹೆಸರೂ ಬಿತ್ತು. ಅಂಡಿಗೆಗಳು ಚಕ್ಕಡಿ ಮೇಲೆ ಘಟ್ಟ ಇಳಿದು ಕುಮಟಾ ಬಂದರಿಗೆ, ಅಲ್ಲಿಂದ ಹಡಗಿನಲ್ಲಿ ಮುಂಬಯಿಗೆ ಹೋಗುತ್ತಿದ್ದವು. 1861ರಲ್ಲಿ ಅಮೆರಿಕದಲ್ಲಿ ಅಂತರ್ಯುದ್ಧ ಶುರುವಾಗಿ ಅಲ್ಲಿನ ಹತ್ತಿ ನಿಂತಾಗ ಇಲ್ಲಿ ದರ ಗಗನಕ್ಕೇರಿತು. 1865ರಲ್ಲಿ ಯುದ್ಧ ಮುಗೀತು, ದರ ಧಡ್ಡನೆ ಬಿತ್ತು. ನಮ್ಮ ರೈತ ಕಾಣದ ಊರಿನ ಜಗಳಕ್ಕೆ ನಮ್ಮ ರೈತನ ಸಾಲ!

ಆಮೇಲೆ 1876-78ರ ಬರ. ಮುಂಬಯಿ ಪ್ರಾಂತ್ಯದ ಪರಿಹಾರ ಕಾಮಗಾರಿಗಳಲ್ಲಿ ದಿನವಿಡೀ ದುಡಿದ ಗಂಡಾಳಿಗೆ ಒಂದು ಪೌಂಡ್ ಕಾಳಿನ ಬೆಲೆ, ಮೇಲೊಂದು ಆಣೆ. ಪೌಂಡ್ ಅಂದ್ರೆ ಅರ್ಧ ಕೆಜಿಯೂ ಅಲ್ಲ ಮತ್ತೆ! ಅದೇ ಹೊತ್ತಿಗೆ ದೇಶದಿಂದ ಧಾನ್ಯ ಹೊರಗೆ ಸಾಗುತ್ತಲೇ ಇತ್ತು. ವ್ಯಾಪಾರಕ್ಕೆ ಕೈ ಹಾಕಬಾರದು ಅನ್ನೋದು ಸರ್ಕಾರದ ನೀತಿ.

ಬರ ಮುಗಿದ ಮೇಲೇ ರೈಲು ಬಂದದ್ದು. 1882ರಲ್ಲಿ ಸದರ್ನ್ ಮರಾಠಾ ರೈಲ್ವೆ ಕಂಪನಿ ಹುಟ್ಟಿತು, 1884ರ ಹೊತ್ತಿಗೆ ನಿಮ್ಮ ಗದಗಕ್ಕೂ ಹಳಿ ಬಂತು. ಲಾಭ ಬರಲಿ ಬಿಡಲಿ, ಷೇರುದಾರರಿಗೆ ಇಷ್ಟು ಬಡ್ಡಿ ಅಂತ ಸರ್ಕಾರ ಖಾತ್ರಿ ಕೊಟ್ಟಿತ್ತು. ಕೊರತೆ ಬಿದ್ದರೆ ತುಂಬುವುದು ಭಾರತದ ಬೊಕ್ಕಸ. ಅಂದ್ರೆ ನಿಮ್ಮ ಅಜ್ಜನ ಹಿರಿಯರು ಕಟ್ಟಿದ ಕಂದಾಯ. ಹಾಗಾಗಿ ರೈಲನ್ನು ದಾನ ಅಂತ ಲೆಕ್ಕಕ್ಕೆ ಹಿಡೀಬೇಡಿ.

ಪ್ರಶ್ನೆ: ನರಗುಂದದ ಸಂಸ್ಥಾನಿಕ ಬಾಬಾಸಾಹೇಬ ದತ್ತಕದ ಸಿಟ್ಟಿಗಷ್ಟೇ ಬ್ರಿಟಿಷರ ವಿರುದ್ಧ ದಂಗೆ ಎದ್ದನೇ?
(ಓದುಗರು, ಹಾವೇರಿ)

ಉತ್ತರ: ಅವನು ದತ್ತು ಮಗನನ್ನು ತಗೊಳ್ಳೋಕೆ ಬ್ರಿಟಿಷರು ಒಪ್ಪಲಿಲ್ಲ ಅನ್ನೋದು ದೊಡ್ಡ ಕಾರಣ. ಜೊತೆಗೆ ಆಯುಧ ಒಪ್ಪಿಸಿ ಅಂತಲೂ ಬೆನ್ನು ಹತ್ತಿದ್ದರು. ಅದೇ ನಿಶ್ಶಸ್ತ್ರೀಕರಣಕ್ಕೇ ಅಲ್ವಾ ಹಲಗಲಿ ಬೇಡರೂ ಎದ್ದದ್ದು. 1858ರ ಮೇ ಕೊನೆಗೆ ಸುರೇಬಾನದಲ್ಲಿ ಪೊಲಿಟಿಕಲ್ ಏಜೆಂಟ್ (ಸಂಸ್ಥಾನಗಳ ಮೇಲೆ ಕಣ್ಣಿಡುವ ಬ್ರಿಟಿಷ್ ಅಧಿಕಾರಿ) ಮ್ಯಾನ್ಸನ್‌ನ ತಲೆ ಹೋಯಿತು, ಜೂನ್ 12ಕ್ಕೆ ಬೆಳಗಾವಿಯಲ್ಲಿ ಬಾಬಾಸಾಹೇಬನಿಗೆ ಗಲ್ಲು. ನರಗುಂದದ ಗುಡ್ಡ ಇನ್ನೂ ಏರಿಲ್ಲ ಅಂದ್ರೆ ಬಿಸಿಲು ಏರುವ ಮುಂಚೆ ಹೋಗಿಬನ್ನಿ, ನೀರಿನ ಬಾಟಲಿ ಮರೀಬೇಡಿ.