ಕರ್ರಗ ಅದ ಅಂದ್ರ ಪ್ರೈಮರ್ ಅಂತ ತಿಳೀಬ್ಯಾಡ್ರಿ

ಪ್ರಶ್ನೆ: ಸರ್, ಹುಮನಾಬಾದ್ ರೋಡ್‌ನಾಗ ಟಂಟಂ ಬಡದು ನನ್ ಕಾರಿನ ಎಡಗಡಿ ಫೆಂಡರ್ (ಗಾಲಿ ಮ್ಯಾಲಿನ ತಗಡ), ಮುಂದಿನ ಬಂಪರ್ ಎರಡೂ ಹೋದ್ವು. ಕಂಪನಿ ಪಾರ್ಟ್ ತುಟ್ಟಿ ಅಂತ ಹೈದರಾಬಾದ್‌ನಿಂದ ಲೋಕಲ್ ಪಾರ್ಟ್ ತರಿಸೀನಿ, ಎರಡೂ ಕರ್ರಗ ಅವ. ಅಂಗಡಿಯವ್ರು ಪ್ರೈಮರ್ (ಕಲರ್‌ಗಿಂತ ಮೊದಲ ಹೊಡಿಯೂ ತಳದ ಬಣ್ಣ) ಹೊಡದೇ ಬಂದದ, ಡೈರೆಕ್ಟ್ ಕಲರ್ ಹೊಡಸ್ರಿ ಅಂತಾರ. ಹೋದ ಸಲ ಹಿಂದಿನ ಬಂಪರ್‌ಗೆ ಹಿಂಗೇ ಮಾಡಿಸಿದ್ದೆ, ವರ್ಷ ತುಂಬೂದ್ರೊಳಗ ಉಳ್ಳಾಗಡ್ಡಿ ಸಿಪ್ಪಿ ಹಂಗ ಎದ್ದು ಬಂತು. ಏನ್ ಮಾಡ್ಲಿ?
(ಒಬ್ಬ ಓದುಗರು, ಕಲಬುರಗಿ)

ಉತ್ತರ: ಮೊದಲ ಕಲರ್ ಮಾತು ಬಿಡ್ರಿ, ಪಾರ್ಟ್ ಗಾಡಿಗೆ ಕೂಡ್ತದೋ ಇಲ್ಲೋ ನೋಡ್ರಿ. ಬೋಲ್ಟ್ ಸಡಲ ಹಾಕಿ ಬಾನೆಟ್ ಮುಚ್ಚಿ, ಬಾಗಲ ತೆರದು, ಗ್ಯಾಪ್ ಸಮ ಅದೇನು ಅಂತ ನೋಡ್ರಿ, ತೂತು ಆಚೀಚಿ ಇದ್ರ ಈಗೇ ಸರಿ ಮಾಡಬೇಕು, ಕಲರ್ ಆದಮ್ಯಾಲ ಸುತ್ತಿಗಿ ಹೊಡದ್ರ ಬಣ್ಣ ಸೀಳ್ತದ, ವಾಪಸ್ ಕೊಡಾಕೂ ಬರಂಗಿಲ್ಲ.

ಈಗ ಫೆಂಡರ್. ಆ ಕರಿ ಬಣ್ಣ ಎರಡು ನಮೂನಿ ಇರ್ತದ. ಒಂದು ಇ-ಕೋಟ್, ಅಂದ್ರ ಫ್ಯಾಕ್ಟರಿದಾಗ ಕರೆಂಟ್ ಹರಿಸಿದ ತೊಟ್ಟಿಯೊಳಗ ಅದ್ದಿ, ಆಮ್ಯಾಲ ಭಟ್ಟಿಯೊಳಗ ಸುಟ್ಟದ್ದು, ಇದು ಗಟ್ಟಿ. ಇನ್ನೊಂದು ದಾರ್ಯಾಗ ಜಂಗು ಹಿಡೀಬಾರದು ಅಂತ ಹೊಡದ ಬರೇ ಸಾದಾ ಬಣ್ಣ. ಕಣ್ಣಿಗೆ ಎರಡೂ ಒಂದೇ. ಫೆಂಡರ್ ಒಳಮೈಗೆ ಬಿಳಿ ಬಟ್ಟಿ ಮ್ಯಾಲ ಎನ್‌ಸಿ ಥಿನ್ನರ್ (ಬಣ್ಣ ಕರಗಿಸೂ ದ್ರಾವಣ) ಹಾಕಿ ಒಂದೆರಡು ನಿಮಿಷ ಒತ್ತಿ ಹಿಡದು ತಿಕ್ರಿ. ಬಟ್ಟಿ ಕರ್ರಗಾಗಿ ಬಣ್ಣ ಜಿಗಟಾದ್ರ ಅದು ದಾರಿ ಬಣ್ಣ, ಅಷ್ಟೂ ತಗದು ತಗಡ ಕಾಣಂಗ ಮಾಡಿ ಅವತ್ತೇ ಜಂಗು ತಡಿಯೂ ಎಪಾಕ್ಸಿ ಪ್ರೈಮರ್ ಹೊಡಸ್ರಿ. ಬಟ್ಟಿ ಬಿಳಿ ಉಳದ್ರ ಇ-ಕೋಟ್, ಅದನ್ನ ಕಿತ್ತಬ್ಯಾಡ್ರಿ, ಫ್ಯಾಕ್ಟರಿದಾಗ ಕೊಟ್ಟ ಕವಚ ಅದು, 320 ಇಲ್ಲಾ 400 ನಂಬರ್ ಸ್ಯಾಂಡ್‌ಪೇಪರ್‌ಲೆ ಹೊಳಪು ಹೋಗೂ ತನಕ ತಿಕ್ಕಿ ಪ್ರೈಮರ್ ಹೊಡದ್ರ ಸಾಕು.

ಬಂಪರ್ ಕತಿ ಬ್ಯಾರೇನ, ನಿಮಗ ಹೋದ ಸಲ ಪೆಟ್ಟು ಬಿದ್ದದ್ದೂ ಬಹುಶಃ ಇಲ್ಲೇ. ಹಿಂದ ತಿರುಗಿಸಿ ನೋಡ್ರಿ, 'ಪಿಪಿ' ಅಂತ ಉಬ್ಬಿದ ಅಕ್ಷರ ಇದ್ರ ಅದು ಪಾಲಿಪ್ರೊಪಿಲೀನ್ ಅನ್ನೂ ಪ್ಲಾಸ್ಟಿಕ್, ಬಣ್ಣ ಹಿಡಿಯೂದ ಅದರ ಗುಣಾನೇ ಅಲ್ಲ. ಮ್ಯಾಲ ಅಚ್ಚಿನಿಂದ ಬಿಡಿಸಾಕ ಹಚ್ಚಿದ ಜಿಡ್ಡು ಬ್ಯಾರೆ ಇರ್ತದ. ಅಂಗಳದ ಶಹಾಬಾದ್ ಪರಸಿ ಮ್ಯಾಲ ಚಾದರ ಹಾಸಿ, ಬಿಸಿನೀರು, ಪಾತ್ರಿ ತೊಳಿಯೂ ಸೋಪು, ಸ್ಕಾಚ್‌ಬ್ರೈಟ್ ಹಚ್ಚಿ ಮೂಲಿ ಮೂಲಿ ತಿಕ್ರಿ. ಸುರಿದ ನೀರು ಹನಿ ಹನಿ ಒಡೀದೆ ಹಾಳಿ ಹಂಗ ಹರಿಬೇಕು, ಹನಿ ಕಟ್ಟಿದ್ರ ಜಿಡ್ಡು ಅದ, ಮತ್ತ ತೊಳೀರಿ. ಪೂರ್ತಿ ಒಣಗಿದ ಮ್ಯಾಲ ಜಿಡ್ಡು ತಗಿಯೂ ಡಿಗ್ರೀಸರ್‌ಲೆ ಒರಸಿ, ಆಮ್ಯಾಲ ಪ್ಲಾಸ್ಟಿಕ್‌ಗೆ ಬಣ್ಣ ಹಿಡಸೂ ಪ್ಲಾಸ್ಟಿಕ್ ಪ್ರೈಮರ್ ಹೊಡಸ್ರಿ, ಪೇಂಟರ್ ಬ್ಯಾಡ ಅಂದ್ರೂ ಬಿಡಬ್ಯಾಡ್ರಿ, ಅದಿಲ್ಲದ ಮ್ಯಾಲಿಂದೆಲ್ಲಾ ದಂಡ.

ನಮ್ಮ ಕಡೆ ಬ್ಯಾಸಗಿ ಮಧ್ಯಾಹ್ನ ತಗಡ ಸುಡ್ತಿರ್ತದ, ಬಣ್ಣ ಹರಡೂದ್ರೊಳಗೇ ಒಣಗಿ ಖರಿಖರಿ ಆಗ್ತದ. ಮುಂಜಾನೆ ನೆರಳಾಗ ಹೊಡಸ್ರಿ, ನಿಧಾನ ಆರೂ ಸ್ಲೋ ಥಿನ್ನರ್ ಕೇಳ್ರಿ. ಹಿಂದಿನ ಬಂಪರ್ ಮ್ಯಾಲ ಟಚಪ್ ಮಾಡಿಸಬ್ಯಾಡ್ರಿ, ಎದ್ದ ಪದರದ ಅಂಚಿನಿಂದ ಶುರು ಮಾಡಿ ಅಷ್ಟೂ ಕಿತ್ತಿಸಿ, ಅದನ್ನೂ ಇದರ ಜೋಡಿನೇ ತೊಳದು ಇಡ್ರಿ.